ರೇಣಿಯ ಹೆಂಗಸರು

ಚರಿತ್ರೆಯ ಕೆಲವು ಘಟನೆಗಳಿಗೆ ಒಂದು ದುರದೃಷ್ಟ ಕಾದಿರುತ್ತದೆ. ಅವು ಬಹುಬೇಗ ಪಟವಾಗಿ ಗೋಡೆಗೇರಿಬಿಡುತ್ತವೆ. ಗೋಡೆಯ ಪಟಕ್ಕೆ ಹೂ ಮುಡಿಸುವವರು ಸಿಕ್ಕುತ್ತಾರೆ. ಅದನ್ನು ಮಾತನಾಡಿಸುವವರು ಸಿಕ್ಕುವುದಿಲ್ಲ. 'ಚಿಪ್ಕೋ' ಚಳವಳಿಗೆ ಆಗಿರುವುದು ಇದೇ ಗತಿ. ಆ ಹೆಸರು ಕೇಳಿದೊಡನೆ ಮರವನ್ನು ತಬ್ಬಿ ನಿಂತ ಬೆಟ್ಟದ ಹೆಂಗಸರ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ನಾನು ಪಾಠ ಹೇಳುವ ಕಾಲೇಜಿನಲ್ಲಿ ಈ ವಿಷಯವಾಗಿ ಪ್ರಬಂಧ ಬರೆಯಿರೆಂದರೆ ಹತ್ತರಲ್ಲಿ ಒಂಬತ್ತು ಮಂದಿ ವಿದ್ಯಾರ್ಥಿಗಳು ಬರೆಯುವುದು ಒಂದೇ ಮಾತು: ಹೆಣ್ಣು ಸ್ವಭಾವದಿಂದಲೇ ಕರುಣಾಮಯಿ, ಆದುದರಿಂದ ಮರವನ್ನು ಮಗುವಿನಂತೆ ಅಪ್ಪಿಕೊಂಡಳು. ವಾಕ್ಯ ಅಂದವಾಗಿದೆ, ವ್ಯಾಕರಣದೋಷವೂ ಇಲ್ಲ. ಅದರಲ್ಲಿ ಇಲ್ಲದಿರುವುದು ಚರಿತ್ರೆ ಮಾತ್ರ.

ಕರುಣೆ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಕರುಣೆಯಷ್ಟೇ ಇದ್ದಿದ್ದರೆ ಆ ಹೆಂಗಸರು ಮರದ ಬುಡಕ್ಕೆ ಅರಿಸಿನ ಕುಂಕುಮ ಇಟ್ಟು ಮನೆಗೆ ಹೋಗುತ್ತಿದ್ದರು. ಅವರು ಎತ್ತಿದ ಪ್ರಶ್ನೆ ಬೇರೆ: ಈ ಕಾಡನ್ನು ಏನು ಮಾಡಬೇಕೆಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ಅವರು ಮೊದಲು ಹೊರಗಿನವರಿಗೆ ಕೇಳಿದರು. ಆರು ವರ್ಷಗಳೊಳಗೆ ತಮ್ಮ ಮನೆಯ ಗಂಡಸರಿಗೂ ಕೇಳಿದರು. ಆ ಆರು ವರ್ಷಗಳ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ಕಥೆಗೆ ಮೊದಲು ಸ್ಥಳದ ಪರಿಚಯ ಅಗತ್ಯ. ಬದರೀನಾಥಕ್ಕೆ ಹೋಗುವ ಯಾತ್ರಿಕರು ಜೋಶೀಮಠವನ್ನು ಬಲ್ಲರು. ಅಲ್ಲಿಂದ ಬದರಿಯ ದಾರಿಯನ್ನು ಬಿಟ್ಟು ಟಿಬೆಟ್ಟಿನ ಗಡಿಯ ಕಡೆಗೆ ತಿರುಗಿದರೆ ಧೌಲಿಗಂಗಾ ನದಿಯ ಕಣಿವೆ ಸಿಕ್ಕುತ್ತದೆ. ನಂದಾದೇವಿ ಶಿಖರದ ಹಿಮ ಕರಗಿ ಹರಿದುಬರುವ ರಿಷಿಗಂಗಾ ಅದನ್ನು ಸೇರುವಲ್ಲಿ ರೇಣಿ ಎಂಬ ಸಣ್ಣ ಊರಿದೆ. ಇಂದು ಅದು ಉತ್ತರಾಖಂಡದ ಚಮೋಲಿ ಜಿಲ್ಲೆಗೆ ಸೇರಿದೆ. ಆಗ ಉತ್ತರ ಪ್ರದೇಶದಲ್ಲಿತ್ತು. ಅಲ್ಲಿ ಇರುವವರು ಭೋಟಿಯಾ ಜನ. ಕುರಿ ಸಾಕಿ, ಉಣ್ಣೆ ನೇಯ್ದು, ಹಿಮದ ಕಣಿವೆಗಳನ್ನು ದಾಟಿ ಟಿಬೆಟ್ಟಿನೊಡನೆ ವ್ಯಾಪಾರ ಮಾಡುವುದು ಅವರ ಪರಂಪರೆ. 1962ರ ಚೀನಾ ಯುದ್ಧದೊಂದಿಗೆ ಆ ವ್ಯಾಪಾರ ನಿಂತುಹೋಯಿತು. ಸೈನ್ಯಕ್ಕಾಗಿ ರಸ್ತೆಗಳು ಬಂದವು. ರಸ್ತೆ ಒಂದು ದಿಕ್ಕಿನಿಂದ ಸಿಪಾಯಿಯನ್ನು ತಂದರೆ ಇನ್ನೊಂದು ದಿಕ್ಕಿಗೆ ಮರದ ದಿಮ್ಮಿಗಳನ್ನು ಒಯ್ಯಬಲ್ಲದು. ಮುಂಚೆ ಕೊಡಲಿಗೆ ನಿಲುಕದಿದ್ದ ಕಾಡುಗಳು ಗುತ್ತಿಗೆದಾರರಿಗೆ ನಿಲುಕುವಂತಾದವು.

ಗಢವಾಲದ ಬೆಟ್ಟಗಳಲ್ಲಿ ಸಂಸಾರ ನಡೆಸುವವಳು ಹೆಂಗಸು. ಗಂಡಸರಲ್ಲಿ ಅನೇಕರು ಸೈನ್ಯಕ್ಕೆ ಸೇರುತ್ತಾರೆ, ಇಲ್ಲವೆ ಬಯಲಿನ ಪಟ್ಟಣಗಳಿಗೆ ಕೆಲಸಕ್ಕೆ ಇಳಿಯುತ್ತಾರೆ. ಮನಿಯಾರ್ಡರು ಬರುತ್ತದೆ, ಮನುಷ್ಯ ಬರುವುದು ರಜೆ ಸಿಕ್ಕಾಗ. ಉಳುವುದೊಂದನ್ನು ಬಿಟ್ಟರೆ ಹೊಲದ ಮಿಕ್ಕ ಕೆಲಸ, ದನಕ್ಕೆ ಮೇವು, ಒಲೆಗೆ ಸೌದೆ, ಬಾಯಿಗೆ ನೀರು, ಎಲ್ಲವೂ ಹೆಂಗಸಿನ ಬೆನ್ನ ಮೇಲೆಯೇ ಬರಬೇಕು. ಒಂದು ಒರತೆ ಬತ್ತಿದರೆ ಅದರ ಸುದ್ದಿ ಮೊದಲು ಮುಟ್ಟುವುದು ಅವಳ ಕಾಲಿಗೆ, ಏಕೆಂದರೆ ನಾಳೆಯಿಂದ ಇನ್ನೊಂದು ಮೈಲಿ ನಡೆಯಬೇಕಾದವಳು ಅವಳು. ಕಾಡಿನ ಲೆಕ್ಕವನ್ನು ಸರಕಾರ ದಫ್ತರಿನಲ್ಲಿ ಇಟ್ಟಿತ್ತು. ಈಕೆ ಹೆಜ್ಜೆಯಲ್ಲಿ ಇಟ್ಟಿದ್ದಳು.

ಈ ಎರಡು ಲೆಕ್ಕಗಳು ತಾಳೆಯಾಗದೆ ಹೋದದ್ದು ಇಂದು ನಿನ್ನೆಯಲ್ಲ. ರೈಲುಹಾದಿಯ ಸ್ಲೀಪರುಗಳಿಗಾಗಿ ಹಿಮಾಲಯದ ದೇವದಾರು ಮರಗಳನ್ನು ಕಡಿದು ನದಿಯಲ್ಲಿ ತೇಲಿಬಿಡುವ ಉದ್ಯೋಗ ಹತ್ತೊಂಬತ್ತನೆಯ ಶತಮಾನದ ನಡುವೆಯೇ ಆರಂಭವಾಗಿತ್ತು. 1865ರಲ್ಲಿ ಒಂದು, 1878ರಲ್ಲಿ ಅದಕ್ಕಿಂತ ಬಿಗಿಯಾದ ಇನ್ನೊಂದು ಅರಣ್ಯ ಕಾನೂನು ಬಂದವು. ಊರಿನವರ ಕಾಡು ಸರಕಾರದ ಕಾಡಾಯಿತು. ಊರಿನವರ ಹಕ್ಕು ಸರಕಾರದ ರಿಯಾಯಿತಿಯಾಯಿತು. ಜನ ಸುಮ್ಮನಿರಲಿಲ್ಲ. 1921ರಲ್ಲಿ ಕುಮಾವೂಂ ಪ್ರಾಂತದಲ್ಲಿ ದೊಡ್ಡ ಚಳವಳಿಯೇ ಎದ್ದು, ಮೀಸಲು ಕಾಡುಗಳಿಗೆ ಬೆಂಕಿ ಬಿತ್ತು. 1930ರ ಮೇ ತಿಂಗಳಲ್ಲಿ ಟೆಹರಿ ಸಂಸ್ಥಾನದ ತಿಲಾಡಿ ಎಂಬಲ್ಲಿ ಅರಣ್ಯದ ಹಕ್ಕಿಗಾಗಿ ಸೇರಿದ್ದ ಜನರ ಮೇಲೆ ಗುಂಡು ಹಾರಿತು.

ಕಾಡು ಕಡಿಮೆಯಾದುದಷ್ಟೇ ಅಲ್ಲ, ಅದರ ಜಾತಿಯೂ ಬದಲಾಯಿತು. ಅಲ್ಲಿ ಬಾಂಜ್ ಎಂಬ ಅಗಲ ಎಲೆಯ ಮರವಿದೆ. ಅದು ಓಕ್ ಜಾತಿಗೆ ಸೇರಿದ್ದು. ಅದರ ಸೊಪ್ಪು ದನಕ್ಕೆ ಮೇವು, ಉದುರಿದ ಎಲೆ ಕೊಟ್ಟಿಗೆಗೆ ಹಾಸು, ಆಮೇಲೆ ಹೊಲಕ್ಕೆ ಗೊಬ್ಬರ. ಬಾಂಜ್ ಮರಗಳ ನೆರಳಿನಲ್ಲಿ ನೆಲ ಸ್ಪಂಜಿನಂತೆ ನೀರು ಹಿಡಿಯುತ್ತದೆ. ಇನ್ನೊಂದು ಚೀಡ್, ಎಂದರೆ ಸೂಜಿಯೆಲೆಯ ಪೈನ್ ಮರ. ಅದರಿಂದ ರಾಳ ಬರುತ್ತದೆ, ಸ್ಲೀಪರು ಬರುತ್ತದೆ, ಖಜಾನೆಗೆ ಹಣ ಬರುತ್ತದೆ. ದನ ಮಾತ್ರ ಅದನ್ನು ಮೂಸುವುದಿಲ್ಲ. ಅರಣ್ಯ ಇಲಾಖೆ ಯಾವ ಮರಕ್ಕೆ ಒಲಿಯಿತೆಂದು ಹೇಳಬೇಕಾಗಿಲ್ಲ. ಗಾಂಧೀಜಿಯವರ ಶಿಷ್ಯೆ ಮೀರಾ ಬೆಹನ್ ಸ್ವಾತಂತ್ರ್ಯ ಬಂದ ಮೇಲೆ ಗಢವಾಲದ ಭಿಲಂಗನಾ ಕಣಿವೆಯಲ್ಲಿ ಆಶ್ರಮ ಕಟ್ಟಿಕೊಂಡು ನೆಲೆಸಿದ್ದರು. ಬಾಂಜ್ ಹಿಂದೆ ಸರಿದು ಚೀಡ್ ಮೇಲೇರುತ್ತಿರುವುದನ್ನೂ ಅದರಿಂದ ನೀರಿಗೆ ಒದಗಲಿರುವ ಆಪತ್ತನ್ನೂ ಅವರು 1950ರ ದಶಕದ ಆರಂಭದಲ್ಲೇ ಬರೆದು ಎಚ್ಚರಿಸಿದರು. ದಫ್ತರಿಗೆ ಅದು ಕೇಳಿಸಲಿಲ್ಲ.

1970ರ ಜುಲೈ 20ರಂದು ಅಲಕನಂದಾ ಉಕ್ಕಿತು. ಬೇಲಾಕೂಚಿ ಎಂಬ ಊರು ಕೊಚ್ಚಿಹೋಯಿತು; ಸೇತುವೆಗಳು ಹೋದವು, ರಸ್ತೆಗಳು ಹೋದವು. ಬೆಟ್ಟದಿಂದ ಬಂದ ಹೂಳು ದೂರದ ಹರಿದ್ವಾರದ ಬಳಿ ಕಾಲುವೆಯನ್ನು ಕಟ್ಟಿಹಾಕಿತು. ಹಿಮಾಲಯ ಎಳೆಯ ಪರ್ವತ. ಕಾಡಿದ್ದಾಗಲೂ ಅಲ್ಲಿ ಭೂಮಿ ಕುಸಿದಿದೆ, ನದಿ ಉಕ್ಕಿದೆ. 1893ರಲ್ಲಿ ಇದೇ ಸೀಮೆಯಲ್ಲಿ ಬೆಟ್ಟ ಕುಸಿದು ಬಿರಹಿಗಂಗಾ ನದಿಗೆ ಅಡ್ಡಗಟ್ಟೆಯಾಗಿ, ಮಾರನೆಯ ವರ್ಷ ಅದು ಒಡೆದು ಮಹಾಪ್ರವಾಹವಾಗಿತ್ತು. ಆದುದರಿಂದ ಪ್ರತಿಯೊಂದು ನೆರೆಗೂ ಕೊಡಲಿಯೇ ಕಾರಣವೆಂದರೆ ಸತ್ಯಕ್ಕೆ ಅಪಚಾರವಾದೀತು. ಆದರೆ ಬೋಳಾದ ಇಳಿಜಾರಿನ ಮಣ್ಣು ಮಳೆಗೆ ಜಾರುವುದನ್ನು ಬೆಟ್ಟದವರು ಕಣ್ಣಾರೆ ಕಂಡಿದ್ದರು. ಮುಂದಿನ ಚಳವಳಿಗೆ ಈ ನೆರೆಯೇ ಪಾಠಶಾಲೆಯಾಯಿತು.

ಚಳವಳಿಯ ಮೊದಲ ಹೆಜ್ಜೆ ಗಂಡಸರದೇ. ಗೋಪೇಶ್ವರದಲ್ಲಿ ಚಂಡೀಪ್ರಸಾದ ಭಟ್ಟರೂ ಅವರ ಗೆಳೆಯರೂ 1964ರಲ್ಲಿ ದಶೋಲಿ ಗ್ರಾಮ ಸ್ವರಾಜ್ಯ ಸಂಘವನ್ನು ಕಟ್ಟಿದ್ದರು. ಸರ್ವೋದಯದ ದಾರಿಯಲ್ಲಿ ಊರಿನವರಿಗೆ ಊರಲ್ಲೇ ಕೆಲಸ ಕೊಡುವುದು ಅದರ ಉದ್ದೇಶ. ವ್ಯವಸಾಯದ ಉಪಕರಣಗಳಿಗಾಗಿ ಅಂಗು ಎಂಬ ಗಟ್ಟಿ ಮರವನ್ನು ಸಂಘ ಕೇಳಿತು, ಇಲಾಖೆ ಇಲ್ಲವೆಂದಿತು. ಅದೇ ಮರವನ್ನು ಆಟದ ಸಾಮಾನು ಮಾಡುವ ಅಲಹಾಬಾದಿನ ಕಂಪನಿಯೊಂದಕ್ಕೆ ಕೊಟ್ಟಿತು. ರೈತನ ನೊಗಕ್ಕೆ ಇಲ್ಲದ ಮರ ಟೆನ್ನಿಸ್ ಬ್ಯಾಟಿಗೆ ಇತ್ತು! 1973ರ ಏಪ್ರಿಲಿನಲ್ಲಿ ಕಂಪನಿಯವರು ಮಂಡಲ್ ಎಂಬ ಊರಿನ ಕಾಡಿಗೆ ಬಂದಾಗ ಜನ ತಡೆದರು. ಮರಕ್ಕೆ ಅಂಟಿಕೊಂಡು ನಿಲ್ಲೋಣವೆಂಬ ಆಲೋಚನೆ ಹುಟ್ಟಿದ್ದು ಆಗ. 'ಚಿಪ್ಕೋ' ಎಂದರೆ ಅಂಟಿಕೋ ಎಂದರ್ಥ.

ಇನ್ನು ರೇಣಿಗೆ ಬರೋಣ. 1974ರ ಆರಂಭದಲ್ಲಿ ರೇಣಿಯ ಕಾಡಿನ ಸುಮಾರು 2,500 ಮರಗಳು ಹರಾಜಾದವು. ಭಟ್ಟರೂ ಜೋಶೀಮಠ ಸೀಮೆಯ ಗೋವಿಂದ ಸಿಂಗ್ ರಾವತರೂ ಊರೂರು ತಿರುಗಿ ಜನರನ್ನು ಎಚ್ಚರಿಸಿದರು. ಮಾರ್ಚ್ 26ನೆಯ ದಿನ. ಯುದ್ಧವಾದ ಮೇಲೆ ಸೈನ್ಯಕ್ಕೆಂದು ಹಿಡಿದುಕೊಂಡಿದ್ದ ಜಮೀನುಗಳ ಪರಿಹಾರವನ್ನು ಕೊಡುತ್ತೇವೆ, ಚಮೋಲಿಗೆ ಬನ್ನಿ ಎಂದು ಊರಿನ ಗಂಡಸರಿಗೆ ಕರೆ ಬಂದಿತ್ತು. ವರ್ಷಗಟ್ಟಲೆ ಬಾರದಿದ್ದ ಹಣ, ಗಂಡಸರೆಲ್ಲ ಹೋದರು. ಭಟ್ಟರನ್ನು ಅರಣ್ಯಾಧಿಕಾರಿಗಳ ಮಾತುಕತೆ ಗೋಪೇಶ್ವರದಲ್ಲಿ ಹಿಡಿದಿಟ್ಟಿತ್ತು. ಅದೇ ದಿನ ಗುತ್ತಿಗೆದಾರನ ಆಳುಗಳು ಊರಿಗೆ ಮೊದಲೇ ಬಸ್ಸಿಳಿದು, ನದಿಯ ಪಕ್ಕದ ದಾರಿ ಹಿಡಿದು ಕಾಡಿನತ್ತ ನಡೆದರು. ಇದನ್ನು ಆಕಸ್ಮಿಕವೆಂದು ನಂಬುವುದು ಕಷ್ಟ. ಊರಿನಲ್ಲಿ ಯಾರೂ ಇಲ್ಲವೆಂಬುದು ಅವರ ಲೆಕ್ಕ. ಹೆಂಗಸರು ಆ ಲೆಕ್ಕದೊಳಗೆ ಬರಲಿಲ್ಲ.

ಒಬ್ಬ ಹುಡುಗಿ ಆಳುಗಳನ್ನು ಕಂಡಳು. ಓಡಿಹೋಗಿ ಗೌರಾದೇವಿಗೆ ಹೇಳಿದಳು. ಗೌರಾದೇವಿ ಊರಿನ ಮಹಿಳಾ ಮಂಗಲ ದಳದ ಮುಖ್ಯಸ್ಥೆ. ಹುಟ್ಟಿದ್ದು 1925ರಲ್ಲಿ, ಪಕ್ಕದ ಲಾತಾ ಎಂಬ ಊರಿನಲ್ಲಿ. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಇಪ್ಪತ್ತೆರಡನೆಯ ವಯಸ್ಸಿಗೇ ವಿಧವೆಯಾಗಿ, ಕೈಗೂಸನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವರು. ಆ ದಿನ ಅವರು ಒಲೆಯ ಮೇಲಿದ್ದುದನ್ನು ಅಲ್ಲಿಯೇ ಬಿಡಿಸಿ ಇಪ್ಪತ್ತೇಳು ಇಪ್ಪತ್ತೆಂಟು ಮಂದಿ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಸಿಕೊಂಡು ಕಾಡಿಗೆ ಹೊರಟರು.

ಅಲ್ಲಿ ಆಳುಗಳು ಅಡಿಗೆಗೆ ತೊಡಗಿದ್ದರು. ಗೌರಾದೇವಿ ಮೊದಲು ಬೈಯಲಿಲ್ಲ. "ಅಣ್ಣಂದಿರಾ, ಈ ಕಾಡು ನಮ್ಮ ತವರುಮನೆ" ಎಂದರು. ನಮಗೆ ಸೊಪ್ಪು, ಸೌದೆ, ಔಷಧಿ ಎಲ್ಲ ಕೊಡುವುದು ಇದೇ. ಇದನ್ನು ಕಡಿದರೆ ಬೆಟ್ಟ ನಮ್ಮ ಮನೆಗಳ ಮೇಲೆ ಬೀಳುತ್ತದೆ, ನೆರೆ ಬಂದು ಹೊಲ ಕೊಚ್ಚಿಹೋಗುತ್ತದೆ. ಊಟ ಮಾಡಿಕೊಂಡು ನಮ್ಮೊಡನೆ ಕೆಳಗಿಳಿಯಿರಿ, ನಮ್ಮ ಗಂಡಸರು ಬಂದ ಮೇಲೆ ತೀರ್ಮಾನವಾಗಲಿ ಎಂದು ಹೇಳಿದರಂತೆ. ಆಳುಗಳೂ ಬಡವರು, ಅನೇಕರ ಮನಸ್ಸು ತಿರುಗಿತು. ಮೇಲ್ವಿಚಾರಕರ ಪೈಕಿ ಒಬ್ಬ ಕುಡಿದಿದ್ದ, ಕೈಯಲ್ಲಿ ಬಂದೂಕಿತ್ತು. ಅವನು ಅದನ್ನು ಎತ್ತಿದಾಗ ಗೌರಾದೇವಿ ಎದೆಯೊಡ್ಡಿ, ಹೊಡೆ ನೋಡೋಣ ಎಂದರು. ಬಂದೂಕು ಇಳಿಯಿತು, ಆಳುಗಳೂ ಇಳಿದರು. ಭೂಕುಸಿತವಾಗಿದ್ದ ಒಂದೆಡೆ ದಾಟಲು ಹಾಸಿದ್ದ ಸಿಮೆಂಟಿನ ಚಪ್ಪಡಿಯನ್ನು ಹೆಂಗಸರು ಕಿತ್ತು ಕೆಡವಿದರು, ಕಾಡಿನ ದಾರಿ ಕಡಿದುಹೋಯಿತು. ರಾತ್ರಿಯಿಡೀ ಕಾವಲು ಕುಳಿತರು. ಗಂಡಸರಿಗೆ ವಿಷಯ ತಿಳಿದದ್ದು ಮರುದಿನ.

'ತವರು' ಎಂಬ ಮಾತನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಜನಪದ ಸಾಹಿತ್ಯದ ಅರ್ಧ ಭಾಗ ಆ ಒಂದು ಮಾತಿನ ಮೇಲೆ ನಿಂತಿದೆ. 'ಕೆರೆಗೆ ಹಾರ' ಎಂಬ ಕಥನಗೀತೆಯನ್ನು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ಅದರಲ್ಲೂ ನೀರಿನ ಪ್ರಶ್ನೆ ಇದೆ, ಅದರಲ್ಲೂ ಗಂಡ ದಂಡಿಗೆ ಹೋಗಿದ್ದಾನೆ. ಕೆರೆಗೆ ನೀರು ಬರಲು ಸೊಸೆಯನ್ನು ಬಲಿಕೊಡಬೇಕೆಂದು ಹಿರಿಯರು ನಿಶ್ಚಯಿಸುತ್ತಾರೆ. ಕಿರಿಯ ಸೊಸೆ ಭಾಗೀರಥಿ ತವರಿಗೆ ಹೋಗಿ ಬರುತ್ತಾಳೆ. ತವರು ಅವಳನ್ನು ಉಳಿಸುವುದಿಲ್ಲ. ಊರಿನ ನೀರಿಗಾಗಿ ಹೆಣ್ಣು ಪ್ರಾಣ ಕೊಟ್ಟಳೆಂದು ನಾವು ಕಣ್ಣೊರೆಸಿಕೊಳ್ಳುತ್ತೇವೆ. ಅವಳನ್ನು ಒಂದು ಮಾತು ಕೇಳಿದವರು ಆ ಕಥೆಯಲ್ಲಿ ಯಾರೂ ಇಲ್ಲ. ರೇಣಿಯಲ್ಲಿ ಹೆಣ್ಣು ಬಲಿಯಾಗಲು ಹೋಗಲಿಲ್ಲ, ಮಾತನಾಡಲು ಹೋದಳು. ತವರು ತನ್ನನ್ನು ಉಳಿಸಲೆಂದು ಕಾಯದೆ, ತಾನೇ ತವರನ್ನು ಉಳಿಸಿದಳು. ತ್ಯಾಗದ ಕಥೆಗಳನ್ನು ಕೇಳಿ ಪಳಗಿದ ನಮ್ಮ ಕಿವಿಗೆ ಈ ವ್ಯತ್ಯಾಸ ಬೇಗ ಹತ್ತುವುದಿಲ್ಲ.

ಆದರೂ ಗೌರಾದೇವಿಯ ಮಾತಿನ ಕೊನೆಯನ್ನು ಗಮನಿಸಬೇಕು. "ಗಂಡಸರು ಬರಲಿ, ತೀರ್ಮಾನವಾಗಲಿ" ಎಂದರು. ಅಂದು ಅವರು ಬಾಯಿಬಿಟ್ಟು ಕೇಳಿದ್ದು ಕಾಲಾವಕಾಶವನ್ನು ಮಾತ್ರ. ಸರಕಾರ ಸಸ್ಯವಿಜ್ಞಾನಿ ವೀರೇಂದ್ರ ಕುಮಾರರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಎರಡು ವರ್ಷಕ್ಕೂ ಮೀರಿ ವಿಚಾರ ಮಾಡಿ, ಹೆಂಗಸರು ಹೇಳಿದ್ದು ಸರಿಯೆಂದು ಸಮಿತಿಯೂ ಹೇಳಿತು. ಅಲಕನಂದೆಯ ಮೇಲ್ಕಣಿವೆಯಲ್ಲಿ ಸುಮಾರು 1,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹತ್ತು ವರ್ಷ ಮರ ಕಡಿಯುವುದು ನಿಂತಿತು. ಎರಡು ವರ್ಷದ ವಿಚಾರಣೆಯ ಫಲ ಆ ಹೆಂಗಸರಿಗೆ ಮೊದಲೇ ಗೊತ್ತಿತ್ತು.

ಎರಡನೆಯ ಹೆಜ್ಜೆ ಬಿದ್ದದ್ದು 1977ರಲ್ಲಿ, ಟೆಹರಿ ಗಢವಾಲದ ಹೇಂವಲಘಾಟಿಯಲ್ಲಿ. ಸುಂದರಲಾಲ ಬಹುಗುಣರ ಪ್ರಭಾವವಿದ್ದ ಸೀಮೆ ಅದು. ಅಲ್ಲಿನ ಅದ್ವಾಣಿ ಎಂಬ ಊರಿನ ಮರಗಳು ಹರಾಜಾದಾಗ ಹೆಂಗಸರ ಮುಂದಾಳಾಗಿ ನಿಂತವರು ಬಚ್ನೀದೇವಿ. ಸೋಜಿಗವೆಂದರೆ ಅವರ ಗಂಡನೇ ಊರಿನ ಮುಖಂಡ, ಗಂಡನೇ ಗುತ್ತಿಗೆದಾರ! ಹೆಂಗಸರು ಮರಗಳಿಗೆ ರಾಖಿ ಕಟ್ಟಿದರು. ಸಮಾಧಾನ ಹೇಳಲು ಬಂದ ಅಧಿಕಾರಿಯ ಎದುರಿಗೆ ಹಾಡಹಗಲಿನಲ್ಲಿ ಉರಿಯುವ ಲಾಂದ್ರಗಳನ್ನು ಹಿಡಿದು ನಿಂತರು. ಇದೇನೆಂದರೆ, ನಿಮಗೆ ಅರಣ್ಯವಿದ್ಯೆಯ ಬೆಳಕು ತೋರಿಸಲು ಎಂದರು. ಕಾಡಿನಿಂದ ರಾಳ, ನಾಟಾ, ವಿದೇಶೀ ವಿನಿಮಯ ಸಿಕ್ಕುತ್ತದೆಂಬುದು ಅಧಿಕಾರಿಯ ಪಾಠ. ಮಣ್ಣು, ನೀರು, ಗಾಳಿ ಸಿಕ್ಕುತ್ತದೆಂಬುದು ಇವರ ಪಾಠ. ಬಚ್ನೀದೇವಿ ಮನೆಗೆ ಹಿಂದಿರುಗಿದಾಗ ಅಲ್ಲಿ ಯಾವ ಪಾಠ ನಡೆಯಿತೋ, ಚರಿತ್ರೆ ಬರೆದಿಟ್ಟಿಲ್ಲ. ಊಹಿಸಬಹುದು.

ಮೂರನೆಯ ಹೆಜ್ಜೆ 1980ರಲ್ಲಿ. ಚಮೋಲಿ ಜಿಲ್ಲೆಯ ಡುಂಗ್ರಿ ಪೈಂತೋಲಿ ಎಂಬಲ್ಲಿ ಒಂದು ಬಾಂಜ್ ಕಾಡಿತ್ತು. ಅದನ್ನು ಕಡಿದು ಆಲೂಗೆಡ್ಡೆಯ ತೋಟ ಮಾಡಬೇಕೆಂದು ತೋಟಗಾರಿಕೆ ಇಲಾಖೆಯ ಯೋಜನೆ. ಬದಲಿಗೆ ಊರಿಗೆ ರಸ್ತೆ, ಶಾಲೆ, ಆಸ್ಪತ್ರೆ, ವಿದ್ಯುಚ್ಛಕ್ತಿ ಬರುವುದೆಂಬ ಆಶ್ವಾಸನೆ. ಊರಿನ ಪಂಚಾಯಿತಿಯ ಗಂಡಸರು ಒಪ್ಪಿಬಿಟ್ಟರು. ಅವರದು ದುರಾಶೆಯೆಂದು ನಾನು ಹೇಳಲಾರೆ. ರಸ್ತೆಯೂ ಆಸ್ಪತ್ರೆಯೂ ಯಾರಿಗೆ ಬೇಡ? ಆದರೆ ಆ ಕಾಡು ಹೋದರೆ ಸೌದೆಗೂ ಮೇವಿಗೂ ಮೈಲಿಗಟ್ಟಲೆ ಹತ್ತಿಳಿಯಬೇಕಾದವರನ್ನು ಪಂಚಾಯಿತಿ ಕೇಳಿರಲಿಲ್ಲ. ಗಾಯತ್ರೀದೇವಿಯೆಂಬವರ ಮುಂದಾಳುತನದಲ್ಲಿ ಹೆಂಗಸರು ತಮ್ಮದೇ ಊರಿನ ಗಂಡಸರ ಬೆದರಿಕೆಯನ್ನು ಲೆಕ್ಕಿಸದೆ ಅಡ್ಡ ನಿಂತರು. ಸರಕಾರ ಕಡಿಯುವುದನ್ನು ನಿಲ್ಲಿಸಿತು. ಆ ಬಳಿಕ, ಗ್ರಾಮದ ಪಂಚಾಯಿತಿಯಲ್ಲಿ ನಮಗೂ ಜಾಗ ಬೇಕು ಎಂಬ ಬೇಡಿಕೆಯನ್ನೂ ಅವರು ಎತ್ತಿದರು.

1974ರಲ್ಲಿ "ಗಂಡಸರು ಬರಲಿ" ಎಂದಿದ್ದ ಬೆಟ್ಟದ ಹೆಂಗಸರು 1980ರ ಹೊತ್ತಿಗೆ "ಗಂಡಸರು ಒಪ್ಪಿದರೂ ನಾವು ಒಪ್ಪೆವು" ಎನ್ನುವಲ್ಲಿಗೆ ಬಂದಿದ್ದರು. ಮರ ಉಳಿದದ್ದಕ್ಕಿಂತಲೂ ಇದು ದೊಡ್ಡ ಸಂಗತಿಯೆಂದು ನನ್ನ ಭಾವನೆ. ಅದೇ ಸುಮಾರಿಗೆ, ಉತ್ತರ ಪ್ರದೇಶದ ಹಿಮಾಲಯದಲ್ಲಿ ಸಾವಿರ ಮೀಟರಿಗಿಂತ ಎತ್ತರದ ಕಾಡುಗಳ ಹಸಿಮರ ಕಡಿಯುವುದಕ್ಕೆ ಹದಿನೈದು ವರ್ಷಗಳ ತಡೆ ಬಿತ್ತು.

ಈ ಗಾಳಿ ನಮ್ಮ ನಾಡಿಗೂ ಬೀಸಿತು. 1983ರ ಸೆಪ್ಟೆಂಬರ್ 8ರಂದು ಉತ್ತರ ಕನ್ನಡದ ಶಿರಸಿ ತಾಲೂಕಿನ ಸಾಲ್ಕಣಿಯ ಜನ, ಹೆಂಗಸರೂ ಮಕ್ಕಳೂ ಸೇರಿದಂತೆ, ಕಳಾಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿ ನಿಂತರು. 'ಅಪ್ಪಿಕೋ' ಎಂಬ ಅಚ್ಚ ಕನ್ನಡದ ಹೆಸರು ಅಂದಿನಿಂದ ಚರಿತ್ರೆಗೆ ಸೇರಿತು. ನಾನಾ ಜಾತಿಯ ಮರಗಳ ಕಾಡನ್ನು ತೆಗೆದು ತೇಗವೊಂದನ್ನೇ ನೆಡುವ ಪದ್ಧತಿಯನ್ನು ಆ ಚಳವಳಿ ಪ್ರಶ್ನಿಸಿತು. ಬಾಂಜ್ ಮತ್ತು ಚೀಡ್ ಮರಗಳ ಜಗಳವೇ ಇಲ್ಲಿ ಬೇರೆ ಹೆಸರಿನಲ್ಲಿ ಬಂದಿತ್ತು. ವಿಚಿತ್ರವೆಂದರೆ ಅದೇ 1983ರಲ್ಲಿ ಕರ್ನಾಟಕ ಒಂದು ಪಂಚಾಯತ್ ಕಾನೂನು ಮಾಡಿ ಸ್ಥಳೀಯ ಸಂಸ್ಥೆಗಳಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗೆಂದು ಮೀಸಲಿಟ್ಟಿತು. 1987ರಲ್ಲಿ ಚುನಾವಣೆಯೂ ನಡೆಯಿತು. ಡುಂಗ್ರಿಯ ಹೆಂಗಸರು ಕೇಳಿದ್ದು ಇಂಥದನ್ನೇ. ಇಡೀ ದೇಶಕ್ಕೆ ಅಂಥ ಮೀಸಲು ಬರಲು 1992ರ ಸಂವಿಧಾನ ತಿದ್ದುಪಡಿಯ ತನಕ ಕಾಯಬೇಕಾಯಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಮಂಗಳ ಹಾಡಬಹುದಿತ್ತು. 1982ರಲ್ಲಿ ನಂದಾದೇವಿಯ ಸುತ್ತಿನ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಿತು, ಆದರೆ ರೇಣಿ ಮತ್ತು ಲಾತಾ ಊರಿನವರಿಗೆ ಅದರ ಬಾಗಿಲು ಮುಚ್ಚಿತು. ಕುರಿ ಮೇಯಿಸುವ ಬುಗ್ಯಾಲುಗಳು ಹೋದವು, ಪರ್ವತಾರೋಹಿಗಳ ಹೊರೆ ಹೊತ್ತು ಗಳಿಸುತ್ತಿದ್ದ ಕೂಲಿಯೂ ಹೋಯಿತು. 1998ರಲ್ಲಿ ಅದೇ ಜನ ತಮ್ಮ ಹಕ್ಕಿಗಾಗಿ ಮತ್ತೆ ಚಳವಳಿ ಹೂಡಬೇಕಾಯಿತು. ಕಡಿಯುವುದನ್ನು ತೀರ್ಮಾನಿಸಿದ್ದು ದಫ್ತರು. ಕಾಯುವುದನ್ನು ತೀರ್ಮಾನಿಸಿದ್ದೂ ದಫ್ತರೇ. ಎರಡು ಸಲವೂ ತವರುಮನೆಯವರನ್ನು ಕೇಳಿದವರಿಲ್ಲ.

ಗೌರಾದೇವಿ 1991ರಲ್ಲಿ ತೀರಿಕೊಂಡರು. ಊರಿನಲ್ಲಿ ಅವರದೊಂದು ಪ್ರತಿಮೆಯಾಯಿತು. ರೇಣಿಯ ಪಕ್ಕದಲ್ಲೇ ರಿಷಿಗಂಗೆಗೆ ಒಂದು ಜಲವಿದ್ಯುತ್ ಯೋಜನೆ ಬಂದಿತು. ಅದರ ಸಿಡಿಮದ್ದಿನ ಕೆಲಸದಿಂದ ಬೆಟ್ಟಕ್ಕೆ ಅಪಾಯವಿದೆಯೆಂದು ಊರಿನವರು 2019ರಲ್ಲಿ ಹೈಕೋರ್ಟಿನ ಮೊರೆಹೊಕ್ಕರು. 2021ರ ಫೆಬ್ರವರಿ 7ರಂದು ಎತ್ತರದ ಒಂದು ಶಿಖರದಿಂದ ಬಂಡೆ ಮತ್ತು ಹಿಮದ ಅಗಾಧ ರಾಶಿ ಕಳಚಿ ಬಿದ್ದು, ರಿಷಿಗಂಗೆ ಕೆಸರಿನ ಗೋಡೆಯಾಗಿ ಇಳಿಯಿತು. ಆ ವಿದ್ಯುದಾಗಾರ ಹೇಳಹೆಸರಿಲ್ಲದಂತಾಯಿತು. ಇನ್ನೂರಕ್ಕೂ ಹೆಚ್ಚು ಮಂದಿ ಸತ್ತರು, ಇಲ್ಲವೆ ಕಾಣೆಯಾದರು. ಅವರಲ್ಲಿ ಹೆಚ್ಚಿನವರು ಕೂಲಿಯವರು. ಶಿಖರ ಕಳಚಿದ್ದಕ್ಕೆ ಯೋಜನೆ ಕಾರಣವೆಂದು ಯಾರೂ ಹೇಳಲಾರರು. ಆದರೆ ಅಂಥ ನದಿಯ ಬಾಯಲ್ಲಿ ಅಷ್ಟು ಜನರನ್ನು ತಂದು ನಿಲ್ಲಿಸಬಹುದೇ ಎಂದು ರೇಣಿಯವರನ್ನು ಕೇಳಿದ್ದರೆ ಉತ್ತರ ಸಿಕ್ಕುತ್ತಿತ್ತು. ಆ ವರ್ಷದ ಜೂನಿನಲ್ಲಿ ಮಳೆಗೆ ನೆಲ ಕುಸಿಯತೊಡಗಿ, ಗೌರಾದೇವಿಯ ಪ್ರತಿಮೆಯನ್ನು ಪೀಠದಿಂದ ಇಳಿಸಿ ಬೇರೆಡೆಗೆ ಸಾಗಿಸಬೇಕಾಯಿತು.

ನಾವೂ ಗೌರವ ತೋರಿಸುವುದರಲ್ಲಿ ಹಿಂದುಳಿದವರಲ್ಲ. ಮಾಗಡಿ ತಾಲೂಕಿನ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಆಲದ ಸಾಲುಮರ ಬೆಳೆಸಿದ ತಿಮ್ಮಕ್ಕನಿಗೂ, ಅಂಕೋಲಾ ತಾಲೂಕಿನಲ್ಲಿ ಕಾಡಿನ ಬೀಜ ಸಸಿಗಳನ್ನು ಬಲ್ಲವರಾಗಿದ್ದ ಹಾಲಕ್ಕಿ ಸಮುದಾಯದ ತುಳಸೀ ಗೌಡರಿಗೂ ಪದ್ಮಶ್ರೀ ಸಂದಿತು. 2024ರಲ್ಲಿ ತುಳಸಿಯವರು, 2025ರಲ್ಲಿ ತಿಮ್ಮಕ್ಕ ತೀರಿಕೊಂಡಾಗ ಎಲ್ಲರೂ ಮನಃಪೂರ್ವಕವಾಗಿ ದುಃಖಿಸಿದರು. ಅದು ಆಗಬೇಕಾದದ್ದೇ. ಆದರೆ ರಸ್ತೆ ಅಗಲಮಾಡಲು ಸಾಲುಮರ ಉರುಳಿಸುವಾಗ, ಕೆರೆಯಂಗಳಕ್ಕೆ ಮಣ್ಣು ತುಂಬುವಾಗ, ಗೋಮಾಳವನ್ನು ಇನ್ನೊಂದು ಕೆಲಸಕ್ಕೆ ಬರೆದುಕೊಡುವಾಗ, ಅಲ್ಲಿ ದಿನವೂ ಕೊಡ ಹೊತ್ತವಳನ್ನು, ಸೌದೆ ಆಯ್ದವಳನ್ನು, ದನ ಕಟ್ಟಿದವಳನ್ನು ಕರೆದು ಕೂರಿಸಿ ಕೇಳಿದ ಸಭೆಗಳು ಎಷ್ಟು? ಪಂಚಾಯಿತಿಯಲ್ಲಿ ಈಗ ಅರ್ಧ ಸ್ಥಾನ ಹೆಂಗಸರದೇ. ಕುರ್ಚಿಯಲ್ಲಿ ಹೆಂಡತಿಯೂ ಮಾತಿನಲ್ಲಿ ಗಂಡನೂ ಇರುವ ಪಂಚಾಯಿತಿಗಳನ್ನು ಓದುಗರು ನೋಡಿಯೇ ಇರುತ್ತಾರೆ.

ಆದುದರಿಂದ ಮುಂದಿನ ಸಲ ವಿದ್ಯಾರ್ಥಿಗಳಿಗೆ ಪ್ರಬಂಧದ ವಿಷಯವನ್ನು ಬದಲಾಯಿಸಿ ಕೊಡಬೇಕೆಂದಿದ್ದೇನೆ. ರೇಣಿಯ ಹೆಂಗಸರು ಮರವನ್ನು ಏಕೆ ಪ್ರೀತಿಸಿದರು ಎಂದು ಕೇಳುವುದಿಲ್ಲ. ನಿಮ್ಮ ಊರಿನ ಕೆರೆಯ ವಿಷಯದಲ್ಲಿ, ಗುಂಡುತೋಪಿನ ವಿಷಯದಲ್ಲಿ ಕಡೆಯ ತೀರ್ಮಾನ ಮಾಡಿದವರು ಯಾರು, ಆಗ ನಿಮ್ಮ ಅಜ್ಜಿಯನ್ನು ಯಾರಾದರೂ ಕೇಳಿದರೇ, ಮನೆಗೆ ಹೋಗಿ ವಿಚಾರಿಸಿಕೊಂಡು ಬನ್ನಿ ಎನ್ನುತ್ತೇನೆ.